ಏಳನೇ ತಿಂಗಳ ಪಿಜ್ಜಾ

ಹಗರಿಬೊಮ್ಮನಹಳ್ಳಿಯಲ್ಲಿ ಮುನ್ನೂರು ಮನೆಗಳಿಗೆ ಕೇಬಲ್ ಟಿ.ವಿ. ಕೊಡುತ್ತಿದ್ದ ಬೆನಕಪ್ಪ, ೨೦೦೨ರ ಬೇಸಿಗೆಯಲ್ಲಿ ಹೊಸದೊಂದು ಚಾನಲ್ ಹಾಕಿದ. ಉಳಿದ ಇನ್ನೂರ ತೊಂಬತ್ತೊಂಬತ್ತು ಮನೆಗಳಲ್ಲಿ ಅದರಿಂದ ಏನೂ ಆಗಲಿಲ್ಲ. ಆದದ್ದು ಅವನ ಮನೆಯಲ್ಲೇ.

ಆ ಚಾನಲ್ಲಿನಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡ ಗಡ್ಡದವನೊಬ್ಬ ಹಿಂದಿಯಲ್ಲಿ ಅಡುಗೆ ಹೇಳಿಕೊಡುತ್ತಿದ್ದ. ಒಂದು ದಿನ ಅವನು ಪಿಜ್ಜಾ ಮಾಡಿದ. ಕೊನೆಗೆ ಒಂದು ತುಂಡು ಕೊಯ್ದು ಮೇಲೆತ್ತಿದಾಗ ತುಂಡು ಮೇಲೆ ಬಂದರೂ ಅದರ ಮೇಲಿದ್ದ ಬಿಳಿಯದು ತಟ್ಟೆ ಬಿಡಲೊಲ್ಲದೆ ಎಳೆ ಎಳೆಯಾಗಿ ಜಗ್ಗಿತು. ಬೆನಕಪ್ಪನ ಹೆಂಡತಿ ಸುಮಲತಾ ಬೆಳ್ಳುಳ್ಳಿ ಸುಲಿಯುತ್ತ ಕೂತವಳು ಸುಲಿಯುವುದನ್ನೇ ಮರೆತಳು. ಅವಳಿಗೆ ಏಳನೇ ತಿಂಗಳು.

"ರೀ, ನಂಗ ಅದು ಬೇಕು."

"ಯಾವ್ದು? ಆ ಗಡ್ಡನಾ?" ಎಂದ ಬೆನಕಪ್ಪ, ವೈರು ಸುತ್ತುತ್ತ.

"ಪಿಜ್ಜಾರಿ!"

ಬೆನಕಪ್ಪ ನಕ್ಕು ಮತ್ತೆ ವೈರು ಸುತ್ತಿದ. ಆದರೆ ಸುಮಲತಾಳ ಊಟ ಅವತ್ತೇ ನಿಂತುಹೋಯಿತು. ರೊಟ್ಟಿ ಮುರಿಯುತ್ತಿದ್ದಳು, ಮುರಿದ ತುಂಡನ್ನು ಮೇಲೆತ್ತಿ ನೋಡುತ್ತಿದ್ದಳು, ನಿಟ್ಟುಸಿರು ಬಿಟ್ಟು ಕೆಳಗಿಡುತ್ತಿದ್ದಳು. "ಇದೂ ದುಂಡಗ ಐತಿ. ಆದ್ರ ಏನೂ ಜಗ್ಗಂಗಿಲ್ಲ," ಎನ್ನುತ್ತಿದ್ದಳು. ಎರಡು ತುತ್ತಿನ ಮೇಲೆ ಮೂರನೆಯದು ಒಳಗೆ ಹೋಗುತ್ತಿರಲಿಲ್ಲ. ಮೂರು ದಿನದಲ್ಲಿ ಮುಖ ಇಷ್ಟಾಯಿತು. ಬೆನಕಪ್ಪನಿಗೆ ನಗು ಹೋಗಿ ಹೆದರಿಕೆ ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ಎದುರುಮನೆಯ ಎರ್ರೆಮ್ಮಜ್ಜಿ ಬಂದು ಕಟ್ಟೆಯ ಮೇಲೆ ಕೂತಳು. ಹಲ್ಲೆಲ್ಲ ಹೋದ ಮೇಲೆ ಅಜ್ಜಿಯ ನಾಲಗೆಗೆ ಓಡಾಡಲು ಜಾಗ ಜಾಸ್ತಿಯಾಗಿತ್ತು.

"ಏನ್ಲೇ ಬೆನಕ, ಬಸುರಿ ಬಯಕಿ ತೀರಿಸ್ದೆ ಕುಂತೀಯಂತಲ್ಲ? ಕೂಸಿನ ಕಿವಿ ಸೋರ್ತಾವಲೇ, ಕಿವಿ!"

"ಅಜ್ಜಿ, ಅದು ಇಲ್ಲಿ ಸಿಗಂಗಿಲ್ಲ. ಬೆಂಗಳೂರಾಗ ಸಿಗ್ತೈತಂತ."

"ಸಿಕ್ರೂ ನಡಿಯಂಗಿಲ್ಲ. ಕೊಂಡು ತಂದಿದ್ದು ಬಯಕಿ ಲೆಕ್ಕಕ್ಕ ಬರಂಗಿಲ್ಲ. ಗಂಡನ ಕೈಲೆ, ಗಂಡನ ಮನ್ಯಾಗ ಆಗ್ಬೇಕು. ಇವತ್ತ ಹೊತ್ತು ಮುಳುಗೂದ್ರಾಗ ಮಾಡು."

ಈ ಕಾಯಿದೆ ಯಾವಾಗಿನದು ಎಂದು ಬೆನಕಪ್ಪನ ತಾಯಿ ಪಂಪಮ್ಮನಿಗೂ ಗೊತ್ತಿರಲಿಲ್ಲ. ಆದರೂ ಆಕೆ ಒಳಗಿನಿಂದ, "ಹೌದೌದು, ಹಂಗ ಐತಿ," ಎಂದಳು. ಮಗನಿಗೆ ಕುಡಿಯುವ ನೀರಿನ ಕೊಡ ಎಲ್ಲಿದೆ ಎನ್ನುವುದೊಂದನ್ನು ಬಿಟ್ಟರೆ ಅಡುಗೆಮನೆಯಲ್ಲಿ ಇನ್ನೇನೂ ಗೊತ್ತಿಲ್ಲ ಎಂಬುದು ಆಕೆಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಬೆನಕಪ್ಪನ ಪುಣ್ಯಕ್ಕೆ ಅವತ್ತು ಬೆಳಿಗ್ಗೆ ಗಡ್ಡದವನ ಪಿಜ್ಜಾವನ್ನು ಮತ್ತೊಮ್ಮೆ ತೋರಿಸಿದರು. ಇವನು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಮುಂದಿನ ಕೋಣೆಯಲ್ಲಿ ಪೆನ್ನು ಹಾಳೆ ಹಿಡಿದು ಕೂತ. ಹಿಂದಿ ಅರ್ಧಂಬರ್ಧ. ಒಂದು ಮಾತು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು, ಮತ್ತೆ ಕೇಳುವುದು. ಗಡ್ಡದವನು ಹಿಟ್ಟಿಗೆ ಕೈ ಹಾಕಿದ, ತೆಗೆದ, ಹಾಕಿದ, ತೆಗೆದ.

ಹತ್ತು ನಿಮಿಷಕ್ಕೆ ಫೋನು ಬಂತು. "ಏನ್ ಬೆನಕಪ್ಪ, ತಲಿ ಕೆಟ್ಟೈತೇನು? ಆ ಮನುಷ್ಯನ್ನ ಯಾಕ ಹಿಂದಕ್ಕೂ ಮುಂದಕ್ಕೂ ಓಡಿಸಾಕತ್ತಿ?"

ಬೆನಕಪ್ಪ ವೈರಿನ ಕಡೆ ನೋಡಿದ. ದಿನಾ ಮಧ್ಯಾಹ್ನ ಊರಿಗೆಲ್ಲ ಸಿನಿಮಾ ಹಾಕುವ ಕ್ಯಾಸೆಟ್ ಯಂತ್ರ ಅದು. ಊರಿನ ಲೈನಿಗೆ ಹಾಗೇ ಸಿಕ್ಕಿಸಿಕೊಂಡು ಕೂತಿತ್ತು. ಮುನ್ನೂರು ಮನೆಗಳಲ್ಲೂ ಗಡ್ಡದವನು ಹಿಟ್ಟಿಗೆ ಕೈ ಹಾಕಿ ತೆಗೆದು ಮಾಡುತ್ತಿದ್ದ!

ವೈರು ಕಿತ್ತ. ಆದರೆ ಹೊತ್ತು ಮೀರಿತ್ತು. ಬೆನಕಪ್ಪನ ಮನೆಯಲ್ಲಿ ಇವತ್ತು ಪಿಜ್ಜಾ ಅಂತೆ ಎನ್ನುವುದು ಊರಿಗೆ ಊರೇ ತಿಳಿಯಿತು. ಬರೀ ತಿಳಿದಿದ್ದರೆ ಪರವಾಗಿರಲಿಲ್ಲ, ಮಾಡುವುದು ಹೇಗೆ ಎನ್ನುವುದೂ ಎಲ್ಲರಿಗೂ ತಿಳಿದುಬಿಟ್ಟಿತ್ತು.

ಮೊದಲು ಬಂದವಳು ಪಕ್ಕದ ಮನೆಯ ರಹಿಮತ್ ಬೀ. "ಬೆನಕಪ್ಪ, ಅಂವ ಖಮೀರ್ ಖಮೀರ್ ಅಂತಿದ್ನಲ್ಲ, ತಿಳೀತೇನು?"

"ಇಲ್ಲಕ್ಕ. ಯಾವ್ದೋ ಊರಿನ ಹೆಸ್ರು ಇರಬೇಕು ಅನ್ಕೊಂಡೆ."

"ಹಿಟ್ಟು ಉಬ್ಬಸೂದಪ್ಪ ಅದು! ಬಸ್ ಸ್ಟ್ಯಾಂಡ್ ಹತ್ರ ಬೇಕರ್‍ಯಾಗ ನಮ್ಮ ತಮ್ಮ ಅದಾನ, ಇಸ್ಕೊಂಡ್ ಬಂದೀನಿ." ಸಣ್ಣ ಪೊಟ್ಟಣವೊಂದನ್ನು ಅವನ ಕೈಗಿಟ್ಟು, "ಸ್ವಲ್ಪೇ ಹಾಕು," ಎಂದಳು.

ಅಡುಗೆಮನೆಯಲ್ಲಿ ಬೆನಕಪ್ಪ ಮೈದಾಹಿಟ್ಟಿನ ಮುಂದೆ ಪರೀಕ್ಷೆಗೆ ಕೂತವನ ಹಾಗೆ ಕೂತ. ಪೊಟ್ಟಣ ಬಿಚ್ಚಿದ. ಸಣ್ಣ ಸಣ್ಣ ಕಾಳು, ಗಸಗಸೆಯ ಹಾಗೆ. ಇಷ್ಟರಲ್ಲಿ ಸ್ವಲ್ಪ ಎಂದರೆ ಎಷ್ಟು? ಪೊಟ್ಟಣವೇ ಇಷ್ಟು ಸ್ವಲ್ಪ ಇರುವಾಗ ಅದರಲ್ಲೂ ಸ್ವಲ್ಪವೇ? ಪೂರಾ ಸುರಿದ. ಬೆಚ್ಚನೆಯ ನೀರು, ಚಿಟಿಕೆ ಸಕ್ಕರೆ, ಉಪ್ಪು, ಎಣ್ಣೆ. ನಾದಿದ. ಕೈಗೆ ಅಂಟಿತು, ಮೊಳಕೈಗೆ ಅಂಟಿತು, ಮೂಗು ತುರಿಸಿಕೊಂಡದ್ದಕ್ಕೆ ಮೂಗಿಗೂ ಅಂಟಿತು. ಅಂತೂ ಉಂಡೆ ಮಾಡಿ, ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟು, ಗಡ್ಡದವನ ಮೇಲೆ ಭಾರ ಹಾಕಿ ಹೊರಗೆ ಬಂದ.

ಹೊರಗೆ ರಹಿಮತ್ ಬೀಯ ಗಂಡ ಮುರ್ತುಜಾಸಾಬ ನಿಂತಿದ್ದ. ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಬೆಸುಗೆ ಹಾಕುವವನು. "ಟಿವಿನ್ಯಾಗ ನೋಡಿದ್ನಲೇ. ಅವನ ಒಲಿಗೆ ಕೆಳಗೂ ಶಾಖ, ಮ್ಯಾಲೂ ಶಾಖ. ನಿಮ್ಮವ್ವನ ಒಲಿಮ್ಯಾಲೆ ಅದು ಏಳಂಗಿಲ್ಲ."

"ಮತ್ತ ಹೆಂಗ ಮುರ್ತುಜಣ್ಣ?"

"ನಾ ಯಾಕ ಅದೀನಿ?"

ಅರ್ಧ ತಾಸಿನಲ್ಲಿ ಅವನು ತಗಡಿನ ಡ್ರಮ್ಮೊಂದನ್ನು ಸುಟ್ಟು ತೊಳೆದು ಅಂಗಳಕ್ಕೆ ಉರುಳಿಸಿಕೊಂಡು ಬಂದ. ಅಡ್ಡ ಮಲಗಿಸಿ, ಒಂದು ಮಗ್ಗುಲು ಕೊಯ್ದು ಬಾಗಿಲು ಮಾಡಿದ. ಒಳಗೆ ಮರಳು ಹಾಸಿದ, ಮೇಲೆ ಕೆಂಡ ಹೊರಲು ತಟ್ಟೆ ಬೆಸೆದ. ಕಿಡಿ ಹಾರುವುದನ್ನು ನೋಡಲು ಓಣಿಯ ಮಂದಿ ಗೋಡೆಯ ಮೇಲೆಲ್ಲ ಕೂತರು.

"ಗಡ್ಡದವನ ಒಲಿಯೊಳಗ ಬಲ್ಬ್ ಇತ್ತು," ಎಂದನೊಬ್ಬ.

"ಬೆಂಕಿ ಹಚ್ಚಿದ್ ಮ್ಯಾಲೆ ಬಲ್ಬ್ ಯಾಕಲೇ?" ಎಂದ ಮುರ್ತುಜಾಸಾಬ. ಆದರೂ ಅವನ ಮುಖ ನೋಡಿದರೆ, ಬಲ್ಬ್ ಇಡಲಾಗಲಿಲ್ಲವಲ್ಲ ಎಂಬ ಕೊರಗು ಇದ್ದೇ ಇತ್ತು.

ಅಷ್ಟರಲ್ಲಿ ಒಳಗಿನಿಂದ ಪಂಪಮ್ಮ ಚೀರಿದಳು. "ಯಪ್ಪಾ, ಬಾರೋ! ಇದು ಉಸಿರಾಡಾಕತ್ತೈತಿ!"

ಎಲ್ಲರೂ ಒಳಗೆ ನುಗ್ಗಿದರು. ತೆಂಗಿನಕಾಯಿಯಷ್ಟಿದ್ದ ಉಂಡೆ ಪಾತ್ರೆ ತುಂಬಿ, ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಅಂಚು ದಾಟಿ ನಿಂತಿತ್ತು. ಬೆನಕಪ್ಪ ಬಟ್ಟೆ ಸರಿಸಿದ. ಬಿಳುಪು, ನುಣುಪು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು. ನೋಡುತ್ತಿದ್ದಂತೆಯೇ ಎಳ್ಳಷ್ಟು ಮೇಲೆ ಬಂತು.

ಎರ್ರೆಮ್ಮಜ್ಜಿ ಮುಂದೆ ಬಂದು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕುಳಿ ಬಿತ್ತು. ಅಜ್ಜಿ ಬೆರಳು ತೆಗೆದಳು. ಕುಳಿ ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ, ತುಂಬಿಕೊಂಡು ಮೇಲೆದ್ದಿತು.

"ಜೀವ ಐತಿ," ಎಂದಳು ಅಜ್ಜಿ, ಪಿಸುದನಿಯಲ್ಲಿ. ಎಪ್ಪತ್ತು ವರ್ಷದಲ್ಲಿ ಅಜ್ಜಿ ಪಿಸುದನಿಯಲ್ಲಿ ಮಾತಾಡಿದ್ದನ್ನು ಓಣಿ ಕೇಳಿದ್ದು ಅದೇ ಮೊದಲು.

ಸುಮಲತಾಳೂ ಬಂದು ಹಿಟ್ಟಿನ ಮೇಲೆ ಅಂಗೈಯಿಟ್ಟಳು. ಇನ್ನೊಂದು ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. "ಬೆಚ್ಚಗ ಐತ್ರಿ," ಎಂದಳು. ಮೂರು ದಿನದ ಮೇಲೆ ನಗುತ್ತಿದ್ದಳು. ಅದನ್ನು ನೋಡಿ ಬೆನಕಪ್ಪನಿಗೆ ಮೂಗಿನ ಮೇಲಿನ ಹಿಟ್ಟು ಒರೆಸಿಕೊಳ್ಳುವುದೂ ಮರೆತುಹೋಯಿತು. ಅಜ್ಜಿ ಉಪ್ಪು ಮೆಣಸಿನಕಾಯಿ ತರಿಸಿ ಮೊದಲು ಹಿಟ್ಟಿಗೆ, ಆಮೇಲೆ ಬಸುರಿಗೆ ದೃಷ್ಟಿ ತೆಗೆದಳು.

ಇನ್ನು ಉಳಿದದ್ದು ಚೀಸು. ಅದು ಹಾಲಿನದು ಎನ್ನುವುದಷ್ಟೇ ಗೊತ್ತು. ಎಮ್ಮೆ ಕಟ್ಟಿದ್ದ ಕರಿಸಿದ್ದಪ್ಪ ಅದೇ ತಾನೇ ಕರೆದ ಹಾಲನ್ನು ದೊಡ್ಡ ಪಾತ್ರೆಯಲ್ಲಿ ತಂದುಕೊಟ್ಟು, "ಸಂಜಿ ವರ್ತನಿ ಮನಿಗೆಲ್ಲ ಇಲ್ಲ ಅಂದು ಬಂದೀನಿ. ನನ್ನ ಎಮ್ಮಿ ಮರ್‍ಯಾದಿ ಉಳಸು," ಎಂದ.

ಪಂಪಮ್ಮ ಹಾಲನ್ನು ಒಲೆಯ ಮೇಲಿಟ್ಟಳು. ಕಾಯಲಿ ಎನ್ನುವಷ್ಟರಲ್ಲಿ ಗಾಬರಿಯಲ್ಲಿದ್ದ ಬೆನಕಪ್ಪ ನಾಲ್ಕು ನಿಂಬೆಹಣ್ಣು ಹಿಂಡಿಯೇಬಿಟ್ಟ.

"ಲೇ! ಹಾಲು ಇನ್ನ ಉಗುರು ಬೆಚ್ಚಗ ಐತಲ್ಲೋ! ಕುದ್ದ ಮ್ಯಾಲೆ ಹಾಕ್ಬೇಕಿತ್ತು!"

ಹಾಲು ಒಡೆಯಿತು. ಆದರೆ ಉದುರುದುರಾಗಲಿಲ್ಲ, ಒಂದೇ ಮುದ್ದೆಯಾಗಿ ತಳದಲ್ಲಿ ಕೂತಿತು. ಬೆನಕಪ್ಪ ಅದನ್ನು ಎತ್ತಿ ಬಾಯಿಗಿಟ್ಟುಕೊಂಡ. ಹುಳಿ. ಹುಳಿ ಹೋಗಲಿ ಎಂದು ಬಿಸಿ ಬಿಸಿ ನೀರಿನಲ್ಲಿ ಅದ್ದಿ ಹಿಚುಕಿದ, ಮತ್ತೆ ಅದ್ದಿದ. ಕೈ ಸುಟ್ಟು "ಹಾ" ಎಂದು ಕೊಡವಿದಾಗ ಮುದ್ದೆಯ ಒಂದು ತುದಿ ಅವನ ಕೈಯಲ್ಲೇ ಉಳಿದು ಇನ್ನೊಂದು ಪಾತ್ರೆಗೆ ಬಿತ್ತು. ನಡುವೆ ಬಿಳಿಯ ಹಗ್ಗವೊಂದು ತೂಗಿತು.

"ಜಗ್ಗತು!" ಎಂದು ಸುಮಲತಾ ಕೂಗಿದಳು.

ಕರಿಸಿದ್ದಪ್ಪ ಒಂದು ತುದಿ ಹಿಡಿದುಕೊಂಡ. ಬೆನಕಪ್ಪ ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಸರಿದ. ಒಲೆಯಿಂದ ಹೊಸ್ತಿಲಿನವರೆಗೆ ಎಳೆ ಬಂತು, ರೇಷ್ಮೆಯ ಹಾಗೆ ಹೊಳೆಯುತ್ತ. ಕರಿಸಿದ್ದಪ್ಪನ ಕಣ್ಣಲ್ಲಿ ನೀರು ಬಂತು.

"ನಲವತ್ತು ವರ್ಷ ಆತು ಹಾಲು ಹಿಂಡಾಕತ್ತು," ಎಂದ. "ಅದರಾಗ ಇದು ಇತ್ತು ಅಂತ ಎಮ್ಮಿ ಒಂದು ದಿನಾನೂ ತೋರಿಸ್ಕೊಡಲಿಲ್ಲ ನೋಡು!"

ಆಮೇಲೆ ಕೆಲಸ ಕುದುರೆಯ ಹಾಗೆ ಓಡಿತು. ಉಬ್ಬಿದ ಹಿಟ್ಟಿಗೆ ಸಾಲುವ ತಟ್ಟೆ ಮನೆಯಲ್ಲಿರಲಿಲ್ಲ; ಮದುವೆ ಅಡುಗೆಯ ಪಾತ್ರೆಯ ಮುಚ್ಚಳ ಬಂತು. ಬೆನಕಪ್ಪ ಅದರ ತುಂಬ ಹಿಟ್ಟು ಹರಡಿದ. ಟೊಮ್ಯಾಟೊ ಗೊಜ್ಜು ಬಳಿದ. ಈರುಳ್ಳಿ, ದೊಣ್ಣೆಮೆಣಸಿನಕಾಯಿ ಜೋಡಿಸಿದ. ಮೇಲೆ ಎಮ್ಮೆಯ ಮರ್ಯಾದೆಯನ್ನು ಹರಿದು ಹರಿದು ಹಾಕಿದ. ಅವನು ಆ ಕಡೆ ತಿರುಗಿದಾಗ ಎರ್ರೆಮ್ಮಜ್ಜಿ, "ಖಾರ ಇಲ್ದ ಏನ್ ಉಣ್ತಾಳ ಅಕಿ," ಎಂದು ಒಂದು ಹಿಡಿ ಶೇಂಗಾ ಚಟ್ನಿಪುಡಿ ಉದುರಿಸಿದ್ದನ್ನು ಯಾರೂ ಅವನಿಗೆ ಹೇಳಲಿಲ್ಲ.

ಡ್ರಮ್ಮಿನ ಕೆಳಗೆ ಜಾಲಿ ಕಟ್ಟಿಗೆ, ಮೇಲೆ ಕೆಂಡ. ಮುಚ್ಚಳ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

"ಎಷ್ಟೊತ್ತು ಬೇಯಿಸ್ಬೇಕಂತ?" ಕೇಳಿದ ಮುರ್ತುಜಾಸಾಬ.

ಬೆನಕಪ್ಪ ಹಾಳೆ ನೋಡಿದ. ಬರಹ ಹಿಟ್ಟಿನವರೆಗೆ ಬಂದು ನಿಂತಿತ್ತು. ಆಗಲೇ ಅಲ್ಲವೇ ಫೋನು ಬಂದದ್ದು! ಕ್ಯಾಸೆಟ್ ನೋಡಲು ಒಳಗೆ ಓಡಿದ. ಗುಂಡಿ ಒತ್ತಿ ಮುಂದಕ್ಕೆ ಓಡಿಸಿದ. ಗಡ್ಡದವನು ಬಂದ, ಒಲೆಯ ಬಾಗಿಲು ಮುಚ್ಚಿದ, ಕೈ ಒರೆಸಿಕೊಂಡ, "ಅಬ್ ಇಸೇ ಠೀಕ್..." ಎಂದು ಹೊತ್ತು ಹೇಳಲು ಬಾಯಿ ತೆರೆದ. ಕರೆಂಟು ಹೋಯಿತು.

ಅಂಗಳಕ್ಕೆ ಬಂದು ನೆರೆದವರನ್ನೇ ಕೇಳಿದ. ಟಿ.ವಿ. ನೋಡಿದವರು ನೂರು ಮಂದಿ. ಹತ್ತು ನಿಮಿಷ ಎಂದವರು ಮೂವತ್ತು ಮಂದಿ, ಒಂದು ತಾಸು ಎಂದವರು ಇಪ್ಪತ್ತು. ಉಳಿದವರು ಗಡ್ಡದವನ ಉಂಗುರ ನೋಡುತ್ತಿದ್ದರಂತೆ. ಮುರ್ತುಜಾಸಾಬ, "ಕಬ್ಬಿಣದ ಬಣ್ಣ ನಾ ನೋಡ್ತೀನಿ," ಎಂದ. ರಹಿಮತ್ ಬೀ, "ವಾಸ್ನಿ ಮ್ಯಾಲೆ ತಿಳೀತೈತಿ," ಎಂದಳು. ಬೆನಕಪ್ಪನಿಗೆ ಯಾರ ಮೇಲೂ ನಂಬಿಕೆ ಸಾಲದೆ ತಾನೇ ಬಾಗಿಲು ಒಂಚೂರು ಸರಿಸಿ ಇಣುಕಿದ. ಒಳಗಿನ ಝಳ ಅವನ ಎಡ ಹುಬ್ಬನ್ನು ಸುಟ್ಟು ಹೊರಗೆ ಬಂತು.

ಆ ಝಳದ ಜೊತೆಗೇ ವಾಸನೆಯೂ ಬಂತು.

ಅದನ್ನು ಹೇಗೆ ಹೇಳುವುದು? ಸುಟ್ಟ ರೊಟ್ಟಿಯದಿತ್ತು, ಕಾಯಿಸಿದ ಬೆಣ್ಣೆಯದಿತ್ತು, ಶೇಂಗಾದ್ದೂ ಇತ್ತು. ಎಲ್ಲ ಕೂಡಿ ಯಾವುದರದ್ದೂ ಅಲ್ಲದ ಇನ್ನೊಂದಾಗಿತ್ತು. ಗೋಡೆಯ ಮೇಲೆ ಕೂತವರು ಇಳಿದು ನಿಂತರು. ದಾರಿಯಲ್ಲಿ ಹೋಗುತ್ತಿದ್ದ ಸೈಕಲ್ಲು ನಿಂತಿತು. ಜಗಳವಾಡುತ್ತಿದ್ದ ಹತ್ತು ನಿಮಿಷದವರೂ ಒಂದು ತಾಸಿನವರೂ ಬಾಯಿ ಮುಚ್ಚಿ ಮೂಗು ತೆರೆದರು.

"ಈಗ!" ಎಂದಳು ರಹಿಮತ್ ಬೀ. ಬಾಗಿಲು ತೆರೆಯಿತು.

ಮುರ್ತುಜಾಸಾಬ ಇಕ್ಕಳದಲ್ಲಿ ಹಿಡಿದು ಮುಚ್ಚಳವನ್ನು ಹೊರಗೆಳೆದ. ಅಂಚೆಲ್ಲ ಉಬ್ಬಿ ಕೆಂಪಗಾಗಿತ್ತು. ನಡುವೆ ಎಲ್ಲ ಕುದಿಯುತ್ತಿತ್ತು. ಬತ್ತಿದ ಹಗರಿ ಹೊಳೆಗೆ ಮೊದಲ ನೀರು ಬಂದಾಗ ಮರಳು ಬುಳುಬುಳು ಎನ್ನುತ್ತದಲ್ಲ, ಹಾಗೆ. ಅಂಗಳದಲ್ಲಿ ಅಷ್ಟು ಜನ ನಿಂತಿದ್ದರೂ ಆ ಬುಳುಬುಳು ಕೇಳಿಸುತ್ತಿತ್ತು. ಯಾರೋ ಚಪ್ಪಲಿ ಬಿಟ್ಟರು. ಅದನ್ನು ನೋಡಿ ಇನ್ನೂ ನಾಲ್ಕು ಮಂದಿ ಬಿಟ್ಟರು.

ಬೆನಕಪ್ಪ ಒಂದೇ ಹುಬ್ಬಿನಲ್ಲಿ ತನ್ನ ಕೈಕೆಲಸವನ್ನು ನೋಡುತ್ತ ನಿಂತ. ಇದನ್ನು ಮಾಡಿದವನು ತಾನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ.

"ಬಸುರಿ ತಿನ್ನೂವರೆಗೂ ಯಾರೂ ಮುಟ್ಟೂ ಹಂಗಿಲ್ಲ," ಎಂದು ಅಜ್ಜಿ ಕೋಲು ಅಡ್ಡ ಹಿಡಿದಳು.

ಸುಮಲತಾಳನ್ನು ಮಣೆಯ ಮೇಲೆ ಕೂರಿಸಿದರು. ಬೆನಕಪ್ಪ ಕುಡುಗೋಲಿನಿಂದ ಕೊಯ್ದು ಒಂದು ತುಂಡನ್ನು ಮೇಲೆತ್ತಿದ. ಎಳೆ ಬಂತು. ಗಡ್ಡದವನದು ಮೊಳ ಬಂದಿದ್ದರೆ ಇದು ಮಾರು ಬಂತು. ಸುಮಲತಾ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅಂಗಳ ಉಸಿರು ಹಿಡಿಯಿತು. ಅಗಿದಳು, ನುಂಗಿದಳು. ಮುಚ್ಚಿದ ಕಣ್ಣಿನಿಂದ ಒಂದು ಹನಿ ಕೆನ್ನೆಗೆ ಇಳಿಯಿತು.

"ಹೆಂಗೈತಿ?" ಬೆನಕಪ್ಪ ಕುಡುಗೋಲು ಹಿಡಿದೇ ಬಗ್ಗಿ ಕೇಳಿದ.

"ರೀ..." ಎಂದಳು. ಎರಡನೇ ತುಂಡಿಗೆ ಕೈ ಚಾಚಿದಳು.

ಮೂರು ತಿಂದಳು, ನಾಲ್ಕು ತಿಂದಳು. ಐದನೆಯದು ಮುಗಿಸಿ "ಸಾಕು" ಎಂದಾಗ ಅಜ್ಜಿ ಕೋಲು ತೆಗೆದಳು. ಉಳಿದದ್ದು ಊರಿಗೆ ಹಂಚಿಹೋಯಿತು. ಒಬ್ಬೊಬ್ಬರಿಗೆ ಹೆಬ್ಬೆರಳಷ್ಟು ಬಂತು. ಬಂದಷ್ಟನ್ನು ಕಣ್ಣಿಗೊತ್ತಿಕೊಂಡು ತಿಂದರು. ಎಲ್ಲರಿಗೂ ಹಂಚಿದ ಬೆನಕಪ್ಪನಿಗೆ ಮಾತ್ರ ಬರಿಯ ಮುಚ್ಚಳ ಉಳಿಯಿತು. ಅವನಿಗೆ ಅದರ ಚಿಂತೆಯಿರಲಿಲ್ಲ. ಹೆಂಡತಿಯ ಮುಖಕ್ಕೆ ಬಣ್ಣ ಬಂದಿತ್ತು. ಕಟ್ಟೆಗೆ ಒರಗಿ ಕಾಲು ಚಾಚಿ, "ಮುಗೀತಪ್ಪ," ಎಂದು ಹಾಯಾಗಿ ಕಣ್ಣು ಮುಚ್ಚಿದ.

"ಯವ್ವಾ!" ಎಂದಳು ಸುಮಲತಾ.

ಬೆನಕಪ್ಪ ಎದ್ದು ನಿಂತ.

"ಒದಿಯಾಕತ್ತೈತ್ರಿ. ಈ ಕಡೀನೂ ಒದೀತೈತಿ, ಆ ಕಡೀನೂ ಒದೀತೈತಿ!"

"ಚಟ್ನಿಪುಡಿ ಜಾಸ್ತಿ ಆತೇನೋ," ಎಂದು ಅಜ್ಜಿ ತನ್ನಷ್ಟಕ್ಕೆ ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಹಿಂದಿನ ಓಣಿಯಲ್ಲಿದ್ದ ನರ್ಸಮ್ಮ ಗೀತಾಂಜಲಿಯನ್ನು ಕರೆಸಿದರು. ಆಕೆ ಬಂದವಳೇ, "ತವರುಮನಿಯಿಂದ ಬಂದು ವಾರ ಆತಂತ, ನನ್ನ ಕಡಿ ಒಮ್ಮಿ ಬಂದೀ ಏನು?" ಎಂದು ಗದರಿ, ಸುಮಲತಾಳನ್ನು ಒಳಗೆ ಮಲಗಿಸಿ, ಕೂಸಿನ ಎದೆಬಡಿತ ಕೇಳುವ ಕೊಳವೆಯನ್ನು ಹೊಟ್ಟೆಯ ಬಲಗಡೆ ಇಟ್ಟು ಕಿವಿಗೊಟ್ಟಳು. ತಲೆಯಾಡಿಸಿದಳು. ಎಡಗಡೆ ಇಟ್ಟಳು. ಹುಬ್ಬು ಗಂಟಾಯಿತು. ಮತ್ತೆ ಬಲಗಡೆ. ಮತ್ತೆ ಎಡಗಡೆ.

"ಏನ್ರಿ ನರ್ಸಮ್ಮಾರ?" ಬೆನಕಪ್ಪ ಹೊಸ್ತಿಲಲ್ಲೇ ನಿಂತು ಕೇಳಿದ.

"ಸುಮ್ನಿರ್ರಿ ಎಲ್ಲಾರೂ." ಬಹಳ ಹೊತ್ತಿನ ಮೇಲೆ ಆಕೆ ತಲೆಯೆತ್ತಿದಳು. "ಬೆನಕಪ್ಪಾರ, ಇಲ್ಲಿ ಬರ್ರಿ. ನೀವ ಕೇಳ್ರಿ."

ಬೆನಕಪ್ಪ ಮಂಡಿಯೂರಿ ಕೊಳವೆಗೆ ಕಿವಿ ಇಟ್ಟ. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ, ದೂರದ ಹಳಿಯ ಮೇಲೆ ರೈಲು ಬರುವ ಹಾಗೆ, ಟಕಟಕ ಟಕಟಕ. ನರ್ಸಮ್ಮ ಕೊಳವೆಯನ್ನು ಈ ಕಡೆಗೆ ಸರಿಸಿದಳು. ಇಲ್ಲೂ ಇತ್ತು. ಅದೇ ಅಲ್ಲ, ಬೇರೆ. ಇನ್ನೂ ಅವಸರದ್ದು.

"ಎರಡು," ಎಂದಳು ನರ್ಸಮ್ಮ, ನಗುತ್ತ. "ಅವಳಿ."

ಬೆನಕಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಪಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾತು ಬಾಗಿಲು ದಾಟಿ, ಪಡಸಾಲೆ ದಾಟಿ ಅಂಗಳಕ್ಕೆ ಹೋಯಿತು. ಹೊರಗೆ ಮುರ್ತುಜಾಸಾಬ ಆಕಾಶಕ್ಕೆ ಕೈಯೆತ್ತಿದ. ಸುಮಲತಾ ಗಂಡನ ತಲೆಯ ಮೇಲೆ ಕೈಯಿಟ್ಟಳು. ಇಬ್ಬರೂ ಅಳುತ್ತಿದ್ದರು, ನಗುತ್ತಿದ್ದರು. ಅಷ್ಟು ಚಿಕ್ಕ ಹೊಟ್ಟೆಯೊಳಗೆ ಇಬ್ಬರು ಕೂತು, ಏಳು ತಿಂಗಳು ಒಂದು ಮಾತೂ ಹೇಳದೆ!

ಎರ್ರೆಮ್ಮಜ್ಜಿ ಕೋಲೂರಿಕೊಂಡು ಮುಂದೆ ಬಂದಳು.

"ಅಲ್ಲಲೇ ಬೆನಕ, ಈಗ ತಿಂದಿದ್ದು ಯಾವ ಕೂಸು?"

"ಅಂದ್ರ?"

"ನೀ ಮಾಡಿದ್ದು ಒಂದ ಪಿಜ್ಜಿ. ಒಂದು ಕೂಸಿನ ಬಯಕಿ ತೀರ್ತು. ಇನ್ನೊಂದರದ್ದು?"

ಬೆನಕಪ್ಪ ಬಾಗಿಲಲ್ಲಿ ಇಣುಕುತ್ತಿದ್ದ ಕರಿಸಿದ್ದಪ್ಪನ ಕಡೆ ನೋಡಿದ. ಕರಿಸಿದ್ದಪ್ಪ ಎಮ್ಮೆ ಬತ್ತಿತೆಂದು ಕೈಯಾಡಿಸಿದ. ರಹಿಮತ್ ಬೀಯ ಕಡೆ ನೋಡಿದ. ಆಕೆ, "ಪೊಟ್ಟಣ ಪೂರಾ ಸುರಿದೀಯಲ್ಲಪ್ಪ," ಎಂದಳು. ತಾಯಿಯ ಕಡೆ ನೋಡಿದ. "ಹೌದೌದು, ಹಂಗ ಐತಿ," ಎಂದಳು ಪಂಪಮ್ಮ. ಕೊನೆಗೆ, ಇವಳಾದರೂ ಕಾಪಾಡಿಯಾಳು ಎಂದು ಹೆಂಡತಿಯ ಕಡೆ ತಿರುಗಿದ.

ಸುಮಲತಾ ತುಟಿಯ ಅಂಚಿನಲ್ಲಿ ಉಳಿದಿದ್ದ ಸಣ್ಣ ಎಳೆಯೊಂದನ್ನು ನಾಲಗೆಯಿಂದ ಒಳಗೆ ಎಳೆದುಕೊಂಡಳು. ಎಡ ಪಕ್ಕೆಯ ಮೇಲೆ ಕೈಯಿಟ್ಟು, ಒಳಗಿನವರ ಮಾತು ಕೇಳಿಸಿಕೊಳ್ಳುವವಳ ಹಾಗೆ ತಲೆ ವಾಲಿಸಿದಳು.

"ರೀ, ಎಡಗಡೀದು ಹಸದೈತ್ರಿ," ಎಂದಳು.